ಮೆಲ್ವಿನ್ ಅಂದರೆ ನಮ್ಮವನೇ

ಇಲ್ಫರ್ಡಿನ ಆ ಬೀದಿಯಲ್ಲಿ ಯಾವ ಮನೆಯವರು ಯಾವ ದೇಶದವರು ಎಂದು ತಿಳಿಯಬೇಕಿದ್ದರೆ ಕೌನ್ಸಿಲ್ ಆಫೀಸಿಗೆ ಹೋಗಬೇಕಾಗಿರಲಿಲ್ಲ, ರೋಜ್ ಸಲ್ಡಾನ್ಹಾಳ ಅಡುಗೆಮನೆಗೆ ಹೋದರೆ ಸಾಕಿತ್ತು. ಬಲಕ್ಕೆ ಪಂಜಾಬಿಗಳು, ಎಡಕ್ಕೆ ಕುಂದಾಪುರದ ಸುಗಂಧಿ, ಎದುರಿಗೆ ಲಾಹೋರಿನವರು, ಅವರ ಪಕ್ಕ ಘಾನಾದವರು, ಮೂಲೆಯಲ್ಲಿ ಬೆಕ್ಕಿನ ಜೊತೆ ಒಬ್ಬಳೇ ಇರುವ ಐರಿಷ್ ಮುದುಕಿ. ಯಾರಿಗೆ ಯಾವ ಹಬ್ಬ, ಯಾರು ಏನನ್ನು ಮುಟ್ಟುವುದಿಲ್ಲ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹಾಗಂತ ಕೆಟ್ಟವಳೇನಲ್ಲ. ಜೀವಮಾನವಿಡೀ ನರ್ಸ್ ಆಗಿದ್ದವಳು. ಘಾನಾದವರ ಮಗುವಿಗೆ ಮೈ ಬಿಸಿಯಾದರೆ ಜಿಪಿ ಡಾಕ್ಟರಿಗಿಂತ ಮೊದಲು ಇವಳೇ ಹಾಜರು.

ಆದರೆ ಮನಸ್ಸಿನೊಳಗೆ ಅವಳದೊಂದು ಬೇಲಿ ಇತ್ತು. ಬೇಲಿಯ ಆಚೆ ಲಂಡನ್ನಿನ ಸಮಸ್ತ ಜನ, ಈಚೆಗೆ ಮಂಗಳೂರು ಉಡುಪಿ ಕಡೆಯ ಕಥೋಲಿಕರು. ಆ ವರ್ಷ, ಎರಡು ಸಾವಿರದ ಒಂದರಲ್ಲಿ, ಜನಗಣತಿಯವರು 'ಇಂಡಿಯನ್' ಎಂಬ ಒಂದೇ ಚೌಕ ಕೊಟ್ಟದ್ದಕ್ಕೆ ಅವಳು ಗಂಡ ಫ್ರಾನ್ಸಿಸ್‌ನ ಮೇಲೆ ಹರಿಹಾಯ್ದಿದ್ದಳು, ಚೌಕ ಹಾಕಿದವನು ಅವನೇ ಎಂಬಂತೆ.

"ಪಂಜಾಬಿಯವರಿಗೂ ನಮಗೂ ಒಂದೇ ಡಬ್ಬವಾ? ಇವರಿಗೆ ತಲೆ ಸರಿ ಉಂಟಾ?"

"ಟಿಕ್ ಮಾಡಿ ಕಳಿಸು ಮಾರಾಯ್ತಿ, ದಂಡ ಹಾಕ್ತಾರೆ," ಎಂದಿದ್ದ ಫ್ರಾನ್ಸಿಸ್.

ಇಂಥ ರೋಜ್‌ಳ ಒಬ್ಬಳೇ ಮಗಳು ಕ್ರಿಸ್ಟಲ್. ಇಪ್ಪತ್ತೊಂಬತ್ತು ತುಂಬಿದರೂ ಮದುವೆಯ ಸುದ್ದಿ ಎತ್ತದವಳು ಜೂನ್ ತಿಂಗಳಲ್ಲಿ ಒಂದು ದಿನ ಫೋನ್ ಮಾಡಿ, "ಮಮ್ಮಿ, ಐ ಹ್ಯಾವ್ ಮೆಟ್ ಸಮ್‌ವನ್. ಅವನ ಹೆಸರು ಮೆಲ್ವಿನ್," ಎಂದಳು.

ರೋಜ್ ಕುರ್ಚಿ ಎಳೆದುಕೊಂಡು ಕುಳಿತಳು. ಮೆಲ್ವಿನ್! ಅವಳ ಚಿಕ್ಕಮ್ಮನ ಮಗ ಮೆಲ್ವಿನ್, ಕಲ್ಯಾಣಪುರದಲ್ಲಿ ಪಕ್ಕದ ಮನೆಯವನು ಮೆಲ್ವಿನ್, ಲಂಡನ್ನಿನ ಕೊಂಕಣಿ ಸಂಘದಲ್ಲಿ ಕೂಗಿದರೆ ಮೂವರು ತಿರುಗಿ ನೋಡುವ ಹೆಸರು ಮೆಲ್ವಿನ್.

"ಕಥೋಲಿಕನಾ?"

"ಹೌದು, ಚರ್ಚಿನಲ್ಲೇ ಸಿಕ್ಕಿದ್ದು. ಕ್ವಾಯರ್‌ನಲ್ಲಿ ಹಾಡ್ತಾನೆ. ಶಾಲೆಯಲ್ಲಿ ಗಣಿತ ಕಲಿಸ್ತಾನೆ."

"ಮೀನು ತಿಂತಾನಾ?"

"ಮಮ್ಮಿ! ಅವನ ಅಮ್ಮ ಸಮುದ್ರದ ಪಕ್ಕದ ಊರಿನವರು. ಮೀನಿಗೆ ತೆಂಗಿನ ಹಾಲು ಹಾಕಿ ಮಾಡ್ತಾರೆ, ನಿನ್ನ ಹಾಗೇ."

ಇನ್ನೇನು ಬೇಕು? ಕಡಲು, ಮೀನು, ತೆಂಗಿನ ಹಾಲು, ಇಗರ್ಜಿ, ಮೆಲ್ವಿನ್. ಕುಂದಾಪುರದಿಂದ ಉಳ್ಳಾಲದವರೆಗೆ ಎಲ್ಲಿಯವನಾದರೂ ಆಗಲಿ, ನಮ್ಮವನೇ. ಮರುದಿನದೊಳಗೆ ರೋಜ್ ಡಂಗುರ ಸಾರಿಬಿಟ್ಟಳು. ಕಲ್ಯಾಣಪುರದ ಅಕ್ಕ ಅನ್ನೆಟ್‌ಗೆ ಫೋನ್ ಹೋಯಿತು, ಸಂಘದ ಹೆಂಗಸರಿಗೆ ಹೋಯಿತು, ಬೇಲಿಯ ಮೇಲಿಂದ ಸುಗಂಧಿಗೂ ಹೋಯಿತು. ಭಾನುವಾರ ಹುಡುಗ ಊಟಕ್ಕೆ ಬರುತ್ತಾನೆ ಎಂದಾಗ ಸುಗಂಧಿ ಪಾಯಸದ ಪಾತ್ರೆ ಹಿಡಿದು ತಾನೂ ಬಂದಳು.

"ಹ್ವಾಯ್ ರೋಜಕ್ಕ, ಹುಡ್ಗನ ಮುಖ ಕಂಡ್ಕಂಡೇ ಹೋಪುದ್ ನಾನ್," ಎಂದು ಹಜಾರದಲ್ಲೇ ನಿಂತಳು.

ಬೆಲ್ ಆಯಿತು. ಬಾಗಿಲು ತೆರೆದರೆ ಎತ್ತರದ ಒಬ್ಬ ಕಪ್ಪು ಯುವಕ, ಬಿಳಿ ಶರ್ಟು, ಒಂದು ಕೈಯಲ್ಲಿ ಕ್ರಿಸ್ಟಲ್‌ಳ ನೀಲಿ ಬ್ಯಾಗು, ಇನ್ನೊಂದರಲ್ಲಿ ಹೂವಿನ ಕಟ್ಟು. ರೋಜ್‌ಳ ಕಣ್ಣು ಅವನನ್ನು ದಾಟಿ ರಸ್ತೆಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಸರಿ, ಮಕ್ಕಳು ಕ್ಯಾಬಿನಲ್ಲಿ ಬಂದಿದ್ದಾರೆ, ಡ್ರೈವರ್ ಪಾಪ ಸಾಮಾನು ಒಳಗೆ ತಂದುಕೊಡುತ್ತಿದ್ದಾನೆ ಎಂದುಕೊಂಡಳು. ಮದುಮಗನ ಕೈಯಿಂದ ಬಾಡಿಗೆ ಕೊಡಿಸುವುದೇ? ಛೆ! ಪರ್ಸಿನಿಂದ ಹತ್ತು ಪೌಂಡಿನ ನೋಟು ತೆಗೆದು ಅವನ ಬೆರಳುಗಳ ನಡುವೆ ತುರುಕಿ, "ಥ್ಯಾಂಕ್ಯೂ, ಚಿಲ್ಲರೆ ನೀವೇ ಇಟ್ಕೊಳ್ಳಿ," ಎಂದು ನಕ್ಕಳು.

ಅವನು ನೋಟನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಮಿಸೆಸ್ ಸಲ್ಡಾನ್ಹಾ, ನಾನು ಮೆಲ್ವಿನ್," ಎಂದ, ತುಂಬ ಮೆತ್ತಗೆ.

ತಿರುವಿನಲ್ಲಿ ಕಾರು ನಿಲ್ಲಿಸಿ ಬಂದ ಕ್ರಿಸ್ಟಲ್ ಗೇಟಿನಲ್ಲೇ ಎಲ್ಲವನ್ನೂ ನೋಡಿದ್ದಳು. 'ಒಳಗೆ ಬಾ' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟೂ ಆಗಲಿಲ್ಲ ರೋಜ್‌ಳಿಂದ. ಕ್ರಿಸ್ಟಲ್ ಬಂದು ಮೆಲ್ವಿನ್‌ನ ಕೈಯಿಂದ ನೋಟನ್ನು ತೆಗೆದು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ಅವನು ಹೂವನ್ನು ಸುಗಂಧಿಯ ಕೈಗೆ ಕೊಟ್ಟ. ಇಬ್ಬರೂ ಹೊರಟುಹೋದರು.

ಒಳಗೆ ಇಡ್ಲಿಯಂಥ ಸನ್ನ, ಹಂದಿಮಾಂಸದ ಬಫಾತ್, ಬಂಗುಡೆ ಮೀನು ಎಲ್ಲ ಆರುತ್ತಾ ಕೂತವು. ರೋಜ್‌ಗೆ ಮೊದಲು ಬಂದದ್ದು ಸಿಟ್ಟು.

"ಒಂದು ಮಾತು ಹೇಳ್ಬಾರದಿತ್ತಾ ಅವಳು? ಈಗ ಸಂಘದವರಿಗೆ ನಾನು ಎಂತ ಹೇಳುದು?"

"ಸಂಘ ಹಾಳಾಗ್ಲಿ ರೋಜಕ್ಕ," ಎಂದಳು ಸುಗಂಧಿ, ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ. "ಆ ಹುಡ್ಗನ ಮುಖ ಕಂಡ್ರ್ಯಾ ನೀವ್?"

ಹಿತ್ತಲಿನಿಂದ ಬಂದ ಫ್ರಾನ್ಸಿಸ್ ಎಲ್ಲ ಕೇಳಿದ. "ನನಗೂ ಗೊತ್ತಿರಲಿಲ್ಲ," ಎಂದ. "ಆದ್ರೆ ಬಾಗಿಲಿಗೆ ಬಂದವನನ್ನು ಯಾರು ಅಂತ ಕೇಳ್ತಿದ್ದೆ."

ಎರಡು ದಿನ ಕ್ರಿಸ್ಟಲ್ ಫೋನ್ ಎತ್ತಲಿಲ್ಲ. ಮೂರನೆಯ ದಿನ ಎತ್ತಿದಳು. ನೀನು ಮೊದಲೇ ಹೇಳಬೇಕಿತ್ತು ಎಂದಳು ರೋಜ್.

"ಏನಂತ ಹೇಳ್ಬೇಕಿತ್ತು ಮಮ್ಮಿ? ವಾರ್ನಿಂಗ್ ಕೊಡೋ ಹಾಗೆ?" ಎಂದಳು ಕ್ರಿಸ್ಟಲ್. "ವಾರ್ಡಿನಲ್ಲಿ ಆ ಬಿಳಿ ಪೇಷೆಂಟ್ ನಿನಗೆ ನೆಲ ಒರೆಸು, ಆಮೇಲೆ ನರ್ಸನ್ನು ಕರಿ ಅಂದದ್ದು, ನೀನು ಯೂನಿಫಾರ್ಮಿನಲ್ಲೇ ಹೋಗಿ ಸ್ಟೋರ್‌ರೂಮಿನಲ್ಲಿ ಅತ್ತದ್ದು, ಎಷ್ಟು ಸಲ ಹೇಳಿದ್ದೀಯ ನನಗೆ? ಪ್ರತಿ ಸಲ ನಾನೂ ಅತ್ತಿದ್ದೇನೆ. ಮೆಲ್ವಿನ್ ಇನ್ನು ಆ ಮನೆಗೆ ಬರೋದಿಲ್ಲ. ಅವನು ಬರದ ಮನೆಗೆ ನಾನೂ ಬರೋದಿಲ್ಲ."

ಫೋನ್ ಕಟ್ ಆಯಿತು. ಇದ್ದೊಬ್ಬ ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಎಂದು ರೋಜ್‌ಗೆ ಅರ್ಥವಾದದ್ದು ಆಗಲೇ. ಆ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತಳು. ತಾನು ಅಂಥವಳಲ್ಲ ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದಳು, ಪಾಪ. ಅಂಥವಳೇ ಎಂದು ಗೊತ್ತಾದರೆ ಯಾರಿಗೆ ತಾನೆ ನಿದ್ದೆ ಬರುತ್ತದೆ?

ಬೆಳಿಗ್ಗೆ ಎದ್ದು ಮತ್ತೆ ಮಸಾಲೆ ಅರೆದಳು, ಬಫಾತ್ ಮಾಡಿ ಡಬ್ಬಕ್ಕೆ ತುಂಬಿದಳು. ಫ್ರಾನ್ಸಿಸ್ ಮಗಳನ್ನು ಕಾಡಿ ಮೆಲ್ವಿನ್‌ನ ವಿಳಾಸ ಪಡೆದ. ಸ್ಟ್ರಾಟ್‌ಫರ್ಡಿನಲ್ಲಿ ತಾಯಿಯ ಜೊತೆ ಇರುತ್ತಾನಂತೆ, ತಾಯಿಯ ಹೆಸರು ಆಗ್ನೆಸ್ ಫೀಲಿಕ್ಸ್, ಸೇಂಟ್ ಲೂಸಿಯಾ ದ್ವೀಪದವರಂತೆ. ಜೊತೆಗೆ ಬರಲಾ ಎಂದು ಕೇಳಿದ್ದಕ್ಕೆ ರೋಜ್, "ಬೇಡ, ದುಡ್ಡು ಕೊಟ್ಟವಳು ನಾನು," ಎಂದು ಎಂಬತ್ತಾರನೇ ನಂಬರಿನ ಬಸ್ಸು ಹತ್ತಿದಳು. ಡಬ್ಬ ತೊಡೆಯ ಮೇಲೆ ಬಿಸಿಯಾಗಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಪ್ಪಿಸಿಕೊಂಡಳು. ಸ್ಟ್ರಾಟ್‌ಫರ್ಡ್ ಬರುವಷ್ಟರಲ್ಲಿ ಎಲ್ಲ ಮರೆತುಹೋಯಿತು.

ಬಾಗಿಲು ತೆರೆದದ್ದು ಮೆಲ್ವಿನ್ ಅಲ್ಲ, ವಾಕಿಂಗ್ ಫ್ರೇಮ್ ಹಿಡಿದ ಹೆಂಗಸು. ಅದೇ ಎತ್ತರ, ಅದೇ ಅಗಲ ಹಣೆ. ರೋಜ್ ಬಾಯಿ ತೆರೆಯುವುದರೊಳಗೆ ಆಕೆಯೇ ಶುರು ಮಾಡಿದಳು.

"ಅಂತೂ ಬಂದಿರಲ್ಲ! ಕೌನ್ಸಿಲ್‌ನವರು ಮನೆಗೆಲಸಕ್ಕೆ ಹತ್ತು ಗಂಟೆಗೇ ಜನ ಕಳಿಸ್ತೇವೆ ಅಂದಿದ್ರು. ಸೊಂಟದ ಆಪರೇಷನ್ ಆದ ಮೇಲೆ ನನಗೆ ನಿಲ್ಲೋಕೇ ಆಗೋದಿಲ್ಲ. ಅಡುಗೆಮನೆ ಆ ಕಡೆ. ಮೊದಲು ಪಾತ್ರೆ ತೊಳೆದುಬಿಡಿ, ಆಯ್ತಾ?"

ನಾನು ಕ್ರಿಸ್ಟಲ್‌ಳ ತಾಯಿ ಎಂಬ ಮಾತು ರೋಜ್‌ಳ ಗಂಟಲವರೆಗೆ ಬಂತು. ಅಲ್ಲೇ ನಿಂತಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಸಿಟ್ಟಾಗುವುದು? ಡಬ್ಬವನ್ನು ಮೇಜಿನ ಮೇಲಿಟ್ಟು, ಕಾರ್ಡಿಗನ್ ಬಿಚ್ಚಿ, ಸಿಂಕಿನ ಮುಂದೆ ನಿಂತು ನಲ್ಲಿ ತಿರುಗಿಸಿದಳು.

ಆಗ್ನೆಸ್ ಪಕ್ಕದ ಕೋಣೆಯಿಂದಲೇ ಮಾತಿಗಿಳಿದಳು. ಮನೆಯಲ್ಲಿ ಒಬ್ಬಳೇ ಇದ್ದು ಬೇಸತ್ತಿದ್ದಳು ಎಂದು ಕಾಣುತ್ತದೆ.

"ಯಾವ ದೇಶ ನಿಮ್ಮದು?"

"ಇಂಡಿಯಾ."

"ಹಾಗಾದ್ರೆ ಕೇಳಿ, ನನ್ನ ಮಗನ ಹುಡುಗಿ ನಿಮ್ಮವಳೇ. ಬಂಗಾರದಂಥ ಹುಡುಗಿ! ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದ. ಪಾಪ, ಅವಳ ಅಮ್ಮನಿಗೆ ಇದ್ದಕ್ಕಿದ್ದ ಹಾಗೆ ಹುಷಾರಿಲ್ಲದೆ ಆಗಿ ಹಾಗೇ ವಾಪಸ್ ಬಂದ. ಏನಾಯ್ತೋ ಏನೋ, ಅವನು ಸರಿಯಾಗಿ ಹೇಳೋದೇ ಇಲ್ಲ. ಅವತ್ತಿನಿಂದ ರೋಸರಿ ಹೇಳುವಾಗ ಆಕೆಗೂ ಒಂದು ಪ್ರಾರ್ಥನೆ ಸೇರಿಸ್ತಾ ಇದ್ದೇನೆ."

ರೋಜ್ ನಲ್ಲಿ ನಿಲ್ಲಿಸಿದಳು. ಅವನು ಹೇಳಿಲ್ಲ. ತನಗಾದ ಅವಮಾನವನ್ನು ನುಂಗಿಕೊಂಡು ತಾಯಿಯ ಮುಂದೆ ಇವಳ ಮಾನ ಕಾಪಾಡಿದ್ದಾನೆ. ಸುಮ್ಮನಿದ್ದುಬಿಟ್ಟರೆ ಇಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಈ ತಾಯಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ತನಗಾಗಿ ದಿನವೂ ಪ್ರಾರ್ಥಿಸುತ್ತಿರುವವಳಿಗೆ ಸುಳ್ಳು ಹೇಳುವುದು ಹೇಗೆ? ಒದ್ದೆ ಕೈಯಲ್ಲೇ ಆಗ್ನೆಸ್‌ಳ ಮುಂದೆ ಬಂದಳು.

"ಆ ಅಮ್ಮ ನಾನೇ," ಎಂದಳು. "ನನಗೆ ಹುಷಾರಿಲ್ಲದೆ ಇರಲಿಲ್ಲ. ನಿಮ್ಮ ಮಗನನ್ನು ಬಾಗಿಲಲ್ಲಿ ನೋಡಿ ಕ್ಯಾಬ್ ಡ್ರೈವರ್ ಅಂದ್ಕೊಂಡೆ. ಕೈಗೆ ದುಡ್ಡು ಕೊಟ್ಟೆ." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಫ್ರೇಮ್ ಹಿಡಿದ ಆಗ್ನೆಸ್‌ಳ ಬೆರಳುಗಳು ಬಿಗಿಯಾದವು.

"ಅವನಿಗೆ ಡ್ರೈವಿಂಗೇ ಬರೋದಿಲ್ಲ," ಎಂದಳು. "ಮೂರು ಸಲ ಟೆಸ್ಟ್ ಫೇಲಾಗಿದ್ದಾನೆ." ನಗಲಿಲ್ಲ. "ನನಗೆ ಸಿಟ್ಟು ಬಂದಿದೆ. ಇಲ್ಲ ಅಂತ ಹೇಳಲಾರೆ. ಅವನು ಹುಟ್ಟಿದ್ದು ಈ ಊರಲ್ಲಿ. ಇನ್ನೂ ಎಷ್ಟು ಬಾಗಿಲಲ್ಲಿ ಹೀಗೆ ನಿಲ್ಲಬೇಕು ಅವನು?"

"ನನ್ನ ಬಾಗಿಲಲ್ಲಿ ಇನ್ನು ಇಲ್ಲ," ಎಂದಳು ರೋಜ್. "ಬರೋದಿದ್ರೆ ಬರಲಿ, ಬರದಿದ್ರೆ ನಾನೇ ಬರ್ತೇನೆ."

ಆಗ್ನೆಸ್ ಅವಳ ಒದ್ದೆ ಕೈಗಳನ್ನೇ ನೋಡಿದಳು. ಆಗ ಹೊಳೆಯಿತೇನೋ, ಒಮ್ಮೆಲೇ ಬಾಯಿಗೆ ಕೈ ಅಡ್ಡ ಹಿಡಿದಳು. "ದೇವರೇ! ನಾನು ನಿಮ್ಮನ್ನು ಪಾತ್ರೆ ತೊಳೆಯೋಕೆ ಕಳಿಸಿದೆನಾ?"

"ಇನ್ನೂ ಅರ್ಧ ಉಂಟು," ಎಂದಳು ರೋಜ್, ಮೂಗು ಒರೆಸಿಕೊಳ್ಳುತ್ತಾ.

ಆಗ್ನೆಸ್ ಫ್ರೇಮ್ ದೂಡಿಕೊಂಡು ಅಡುಗೆಮನೆಗೆ ಬಂದಳು, ಕುರ್ಚಿಯನ್ನು ಸಿಂಕಿನ ಪಕ್ಕಕ್ಕೆ ಎಳೆದು ಕುಳಿತಳು, ಕೊಕ್ಕೆಯಿಂದ ಬಟ್ಟೆ ತೆಗೆದುಕೊಂಡಳು. "ನೀವು ತೊಳೀರಿ, ನಾನು ಒರೆಸ್ತೇನೆ," ಎಂದಳು. ಮೂರ್ನಾಲ್ಕು ತಟ್ಟೆಗಳು ಹಾಗೆಯೇ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದವು.

ಅಷ್ಟರಲ್ಲಿ ಬೆಲ್ ಆಯಿತು. ಕೌನ್ಸಿಲ್‌ನಿಂದ ಬಂದಿದ್ದೇನೆ, ಬಸ್ಸು ತಡವಾಯಿತು ಎಂದು ಹೊರಗಿನಿಂದ ಯಾರೋ ಹೆಣ್ಣುದನಿಯಲ್ಲಿ ಕೂಗಿದರು.

ಆಗ್ನೆಸ್ ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದಳು: "ಇವತ್ತು ಬೇಡಮ್ಮ, ಮನೆಯವರು ಬಂದಿದ್ದಾರೆ."