ಒಂದೇ ಡಬ್ಬಿ

ಮೋಟೆಬೆನ್ನೂರಿನ ಅಂಗಡಿಯೊಂದರ ಮುಂದೆ ರುದ್ರಮುನಿ ಗಾಡಿ ನಿಲ್ಲಿಸಿ, ಎಲ್ಲಕ್ಕಿಂತ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಡಿ ಎಂದ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿ ಅದು. ಸೀಟಿನ ಹೊಲಿಗೆಯಲ್ಲೆಲ್ಲ ಕೆಂಪು ಧೂಳು. ಹತ್ತಿದವರು ಕೆಮ್ಮದೆ ಇಳಿದದ್ದಿಲ್ಲ.

ಪಕ್ಕದ ಸೀಟಿನಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಗಾಜಿನ ಪಟ್ಟಿಗಳು. ಅವುಗಳ ಮೇಲೆ ಅಕ್ಕ ನೀಲಾಳ ಅಸ್ಥಿಮಜ್ಜೆಯನ್ನು ತೆಳ್ಳಗೆ ಸವರಿದ್ದರು. ಇನ್ನೊಂದರಲ್ಲಿ, ಮಾಂಸ-ಎಲುಬು ಕೆಡದಂತೆ ಇಡುವ ಫಾರ್ಮಾಲಿನ್ ದ್ರವ ತುಂಬಿದ ಪುಟ್ಟ ಬಾಟಲಿ. ಅದರ ತಳದಲ್ಲಿ ಅವಳ ಸೊಂಟದೆಲುಬಿನ ಚೂರು, ಅರ್ಧ ಬೆಂಕಿಕಡ್ಡಿಯಷ್ಟು. ಬೆಳಿಗ್ಗೆ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ತೆಗೆದದ್ದು. ಸಂಜೆಯೊಳಗೆ ಹುಬ್ಬಳ್ಳಿಯ ಲ್ಯಾಬಿಗೆ ಮುಟ್ಟಬೇಕಿತ್ತು.

"ಎರಡೂ ಬ್ಯಾರೆ ಬ್ಯಾರೆ ಇಟ್ಕೋರಿ," ಎಂದಿದ್ದ ಆಸ್ಪತ್ರೆಯ ಟೆಕ್ನಿಷಿಯನ್ ಸರ್ಫರಾಜ. ಗಾಜು ಒಡೆದೀತೆಂದು ಹೇಳಿರಬೇಕು ಅಂದುಕೊಂಡ ರುದ್ರಮುನಿ, ನಡುವೆ ಕರ್ಚೀಫು ಮಡಚಿಟ್ಟ. ಧೂಳು ಮಾತ್ರ ಅಕ್ಕನ ರಕ್ತಕ್ಕೆ ತಾಗಬಾರದು. ಎರಡನ್ನೂ ಆ ಡಬ್ಬಿಗೆ ಇಳಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿದ. ವ್ಯಾಪಾರಿಗಳಿಗೆ ತೋರಿಸುವ ಮಾದರಿ ಮೆಣಸಿನಕಾಯಿಯನ್ನು ಗಾಳಿ ಆಡದಂತೆ, ಬಣ್ಣ ಇಳಿಯದಂತೆ ಕಟ್ಟುವುದು ಅವನಿಗೆ ಹತ್ತು ವರ್ಷದ ರೂಢಿ. ಹಾವೇರಿ ದಾಟುವವರೆಗೂ ಅವನ ಒಂದು ಕೈ ಡಬ್ಬಿಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶೈಲಾ ಅವನನ್ನು ಕೋಣೆಗೆ ಕರೆಸಿದರು.

"ಗಾಜಿನ ಪಟ್ಟಿ ಅಷ್ಟೂ ಹಾಳಾಗ್ಯಾವ. ಲ್ಯಾಬಿನ್ಯಾಗ ನೋಡಾಕ ಹಾಕೋ ಬಣ್ಣಾನ ಹಿಡೀವಲ್ವು. ಬಾಟ್ಲಿಯೊಳಗಿನ ಫಾರ್ಮಾಲಿನ್ ಗಾಳಿ ಹತ್ತೇತಿ ಅಂತಾರ ಲ್ಯಾಬಿನವ್ರು. ಹೆಂಗ ಒಯ್ದ್ರಿ?"

ಅವನು ಹೇಳಿದ. ಟೇಪು ಸುತ್ತಿದ್ದನ್ನೂ ಹೇಳಿದ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಎಲುಬಿನ ಚೂರು ಐತೆಲ್ರಿ?"

"ಅದರ ರಿಪೋರ್ಟ್ ಬರಾಕ ಐದಾರು ದಿನ ಬೇಕು. ಅಷ್ಟು ದಿನ ನಾವು ಕಾಯೂವಂಗಿಲ್ಲ. ಮೈ ಕಾಯೋ ಕಣಗಳ ತಲಿ ಕೆಟ್ಟು, ಅಕೀ ರಕ್ತದ ಕಣಗಳನ್ನ ತಾವ ನುಂಗಾಕತ್ತಾವ ಅಂತ ನನ್ನ ಅನುಮಾನ. ಅಪರೂಪದ ಜಡ್ಡು. ಔಷಧ ಐತಿ. ಆದ್ರ ಒಳಗ ರಕ್ತದ ಕ್ಯಾನ್ಸರ್ ಇದ್ರ, ಆ ಔಷಧ ಅದನ್ನ ಮುಚ್ಚಿಬಿಡ್ತೇತಿ. ನೋಡದ ಹೆಂಗ ಕೊಡ್ಲಿ? ಇವತ್ತ ಇನ್ನೊಮ್ಮೆ ತೆಗೀಬೇಕು." ಸ್ವಲ್ಪ ತಡೆದು ಸೇರಿಸಿದರು, "ಈ ಸಲ ಸರ್ಫರಾಜ ಒಯ್ತಾನ."

ಮೇಡ್ಲೇರಿಯ ಬೀಜದ ಹೊಲದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುತ್ತಿದ್ದ ನೀಲಾ ಇಪ್ಪತ್ತೆರಡು ದಿನದ ಜ್ವರದಲ್ಲಿ ಹಾಸಿಗೆಗೆ ಅಂಟಿದ್ದಳು. ಮೊದಲ ಎರಡು ವಾರ ಟೈಫಾಯ್ಡ್ ಎಂದೇ ಔಷಧ ಕೊಟ್ಟಿದ್ದರು. ನಿನ್ನೆ ಎಲುಬಿನೊಳಗಿಂದ ಮಜ್ಜೆ ಹೀರುವಾಗ ಅವಳು ಕಿರುಚಿದ್ದು ಕೆಳಗಿನ ಔಷಧದಂಗಡಿಯವರೆಗೂ ಕೇಳಿತ್ತು.

"ಬಂದ್ರೇನು ಮೆಣಸಿನಕಾಯಿ ಸಾವ್ಕಾರ್ರು?" ಎಂದಳು ತಮ್ಮನನ್ನು ಕಂಡು. "ನನ್ನ ಎಲುಬಿಗೆ ಏನು ರೇಟ್ ಹತ್ತಿತು?"

"ಇನ್ನೊಮ್ಮೆ ತೆಗೀಬೇಕಂತ, ನೀಲಕ್ಕ."

ಅವಳ ಮುಖ ಇಳಿಯಿತು. "ಯಾಕ?"

"ಸರಿ ಬಂದಿಲ್ಲಂತ."

"ನಾ ಅಳ್ಳಾಡಿದ್ನೆಲ್ಲ, ಅದಕ್ಕ. ಅಳ್ಳಾಡಬ್ಯಾಡ ಅಂತ ಅವರು ಬಡಕೊಂಡ್ರು. ನಾ ಎಮ್ಮಿ ಒದರಿದಂಗ ಒದರಿದೆ."

"ಹಂಗಲ್ಲಕ್ಕ..."

"ಮತ್ತ ಹೆಂಗ?"

ರುದ್ರಮುನಿ ಸಲೈನ್ ಹನಿ ಬೀಳುವುದನ್ನು ನೋಡಿದ. ಒಂದು. ಇನ್ನೊಂದು. ಅಷ್ಟರಲ್ಲಿ ನರ್ಸ್ ಗಾಲಿಮಂಚ ತಂದಳು.

ಮಜ್ಜೆ ತೆಗೆಯುವ ಕೋಣೆಯಲ್ಲಿ ಶೈಲಾ ಕೈಗವಸು ತೊಡುತ್ತಿದ್ದರು. ನೀಲಾ ತಾನಾಗಿಯೇ ಮಗ್ಗುಲಾದಳು.

"ನನ್ನಿಂದ ನಿಮಗ ಎರಡೆರಡು ಸಲ ತ್ರಾಸ ಆತ್ರಿ, ಡಾಕ್ಟ್ರ. ಈ ಸಲ ಅಳ್ಳಾಡೂದಿಲ್ಲ."

ಶೈಲಾ ಕೈ ನಿಲ್ಲಿಸಿದರು. ರುದ್ರಮುನಿಯ ಕಡೆ ನೋಡಿದರು. ಕಾದರು. ಅವನು ನೆಲದ ಹಾಸುಗಲ್ಲಿನ ಬಿರುಕು ನೋಡುತ್ತ ನಿಂತ. ಅವರು ಇನ್ನೊಂದು ಕೈಗವಸನ್ನೂ ತೊಟ್ಟರು.

"ಮೊಣಕಾಲು ಹಿಡ್ಕೋರಿ," ಎಂದರು ಅವನಿಗೆ.

ಸೂಜಿ ಇಳಿಯಿತು. ಅವನ ಅಂಗೈಯ ಕೆಳಗೆ ಅವಳ ಮೊಣಕಾಲು ಕಲ್ಲಿನಂತೆ ಬಿಗಿದುಕೊಂಡಿತು. ಮಜ್ಜೆ ಹೀರುವಾಗ ಅವಳು ಹೊದಿಕೆಯ ಅಂಚನ್ನು ಕಚ್ಚಿಕೊಂಡಳು. ಕಣ್ಣೀರು ಮೂಗಿನ ಮೇಲಿಂದ ಹರಿದು ದಿಂಬಿಗೆ ಇಳಿಯಿತು. ದನಿ ಮಾತ್ರ ಹೊರಡಲಿಲ್ಲ. ಅವಳು ಒಮ್ಮೆ ಕಿರುಚಲಿ ಎಂದು ಅವನು ಕಾದ.

"ಈ ಸಲ ಸರಿ ಬಂತೇನ್ರಿ?" ಕೊನೆಗೆ ಕೇಳಿದಳು.

"ಬಂತವಾ. ಚಲೋ ಬಂತು."

ನೀಲಾ ಕತ್ತು ಹೊರಳಿಸಿದಳು. ತುಟಿಯ ಮೇಲೆ ಹಲ್ಲಿನ ಗುರುತು ಮೂಡಿತ್ತು.

"ನೋಡಿದೇನೋ ರುದ್ರ್ಯಾ? ನಾ ಅಳ್ಳಾಡಲಿಲ್ಲ."

ಅವನು ಹೌದೆಂದು ತಲೆಯಾಡಿಸಿದ.