ಕೊಟ್ರಬಸಪ್ಪನವರ ತಟ್ಟೆಯ ಹೋಳಿಗೆ

‘ಸಾಕು’ ಎಂದು ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ನೀವೂ ಎಂದಾದರೂ ಹೋಳಿಗೆ ಹಾಕಿಲ್ಲವೇ? ಅದನ್ನು ಉಪಚಾರವೆಂದು ಕರೆದು ಬೀಗಿಲ್ಲವೇ? ನಾನು ಹಾಕಿದ್ದೇನೆ, ಆದ್ದರಿಂದಲೇ ಕೇಳುತ್ತಿದ್ದೇನೆ.

ಕಳೆದ ಫೆಬ್ರವರಿಯಲ್ಲಿ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಭದ್ರಾವತಿಯಿಂದ ಬೀಗರಾಗಬೇಕಾದವರು ಬಂದಿದ್ದರು. ನನ್ನ ಅಣ್ಣನ ಮಗಳು ಸ್ಫೂರ್ತಿಯೂ ಅವರ ಹುಡುಗ ವೀರೇಂದ್ರನೂ ಪರಸ್ಪರ ಒಪ್ಪಿದ್ದರು. ಊಟ ಮುಗಿಸಿ ಹಿರಿಯರು ಮಾತು ಗಟ್ಟಿ ಮಾಡುವುದಷ್ಟೇ ಬಾಕಿ. ವೀರೇಂದ್ರನ ಅಜ್ಜ ಕೊಟ್ರಬಸಪ್ಪನವರು ಅಲ್ಲಿನ ಕಾರ್ಖಾನೆಯಿಂದ ನಿವೃತ್ತರಾದವರು, ಎಪ್ಪತ್ತೆಂಟು ದಾಟಿದವರು. ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ, ಒಂದಗುಳನ್ನೂ ಬಿಡಬಾರದು ಎಂಬುದು ಅವರ ವ್ರತ. ಉಂಡ ತಟ್ಟೆಗೆ ನೀರು ಸುರಿದು ತೊಳೆದು ಆ ನೀರನ್ನೂ ಕುಡಿಯುವವರು. “ಒಂದೇ ಹೋಳಿಗೆ ಹಾಕಿ. ಹಾಕಿದ್ನ ಬಿಡೋ ಹಂಗಿಲ್ಲ ನಾನು,” ಎಂದು ಮೊದಲೇ ಹೇಳಿದರು. ನಾವು ಅದನ್ನು ಸಂಕೋಚವೆಂದುಕೊಂಡೆವು.

ನಮ್ಮ ಮನೆಯ ಪದ್ಧತಿಯೇ ಬೇರೆ. ಅತಿಥಿಯ ತಟ್ಟೆಯಲ್ಲಿ ಏನಾದರೂ ಉಳಿದರೆ ಮಾತ್ರ ನನ್ನ ಅತ್ತಿಗೆ, ಸ್ಫೂರ್ತಿಯ ತಾಯಿ ಶಂಕರಮ್ಮನವರಿಗೆ ಸಮಾಧಾನ. ತಟ್ಟೆ ಖಾಲಿಯಾದರೆ ಬಡಿಸಿದ್ದು ಕಡಿಮೆಯಾಯಿತೆಂಬ ಅವಮಾನ. ಹೀಗಾಗಿ ಕೊಟ್ರಬಸಪ್ಪನವರು ಖಾಲಿ ಮಾಡಿದಂತೆಲ್ಲ ನಾನು ಬಡಿಸಿದೆ. ನಾಲ್ಕನೆಯದನ್ನು ಮುಗಿಸುವಷ್ಟರಲ್ಲಿ ಅವರ ಹಣೆ ಬೆವರಿತ್ತು. ಕೈ ಅಡ್ಡ ಬಂತು.

“ಹಾಕು ಉಜ್ಜನಪ್ಪ, ನಾಚ್ಕೋತಿದಾರೆ,” ಎಂದರು ಅತ್ತಿಗೆ.

ನಾನು ಇನ್ನೆರಡು ಹಾಕಿದೆ.

“ಆಂಟಿ, ನಮ್ಮಜ್ಜಂಗೆ ಶುಗರ್ ಇದೆ. ಸಾಕು ಅಂದ್ರಲ್ಲ,” ಎಂದ ವೀರೇಂದ್ರ.

“ಭದ್ರಾವತೀಲಿ ಎಣಿಸಿ ಬಡಿಸ್ತಾರೇನೋಪ್ಪ. ನಮ್ಮಲ್ಲಿ ಆ ರೂಢಿ ಇಲ್ಲ,” ಎಂದರು ಅತ್ತಿಗೆ.

“ಎಣಿಸಲ್ಲ, ಕೇಳ್ತೀವಿ. ಹಿರಿಯರ ಮಾತು ಕಿವಿಗೇ ಬೀಳದ ಮನೇಲಿ ಸಂಬಂಧ ಅಂದ್ರೆ ನಾವೂ ಯೋಚ್ನೆ ಮಾಡ್ಬೇಕಾಗುತ್ತೆ.”

“ಸುಮ್ನಿರೋ,” ಎಂದು ಮೊಮ್ಮಗನನ್ನು ಗದರಿದ ಕೊಟ್ರಬಸಪ್ಪನವರು ಐದನೆಯ ಹೋಳಿಗೆಗೆ ಕೈ ಚಾಚಿದರು.

ಆಗ ಸ್ಫೂರ್ತಿ ಅಡುಗೆಮನೆಯಿಂದ ತಟ್ಟೆಯೊಂದನ್ನು ತಂದು ಅವರ ಪಕ್ಕದಲ್ಲೇ ಕುಳಿತಳು. “ಅಜ್ಜ, ಆ ಎರಡನ್ನ ನನಗೆ ಕೊಡಿ. ಪ್ರಸಾದ ಹಂಚ್ಕೊಂಡ್ರೆ ವ್ರತ ಕೆಡಲ್ಲ ಅಲ್ವಾ?”

ಅತ್ತಿಗೆಯ ಮುಖ ಕೆಂಪಾಯಿತು. “ಏಳೇ. ಬೀಗರ ತಟ್ಟೆಯಿಂದ ಇಸ್ಕೊಂಡು ತಿಂತೀಯಾ? ಜನ ಏನಂತಾರೆ?”

“ಹುಡುಗಿಗೆ ಹಸಿವಾಗಿತ್ತು ಅಂತಾರೆ. ಅಜ್ಜಂಗೆ ಏನಾದ್ರೂ ಆದ್ರೆ ಏನಂತಾರಮ್ಮ?”

ಇನ್ನೂ ಮುಟ್ಟದಿದ್ದ ಆ ಎರಡನ್ನೂ ಕೊಟ್ರಬಸಪ್ಪನವರು ಅವಳ ತಟ್ಟೆಗಿಟ್ಟರು. ಅವಳು ಎಲ್ಲರೆದುರು ತಲೆಯೆತ್ತಿ ತಿಂದಳು. ಅವರಂತೆಯೇ ತಟ್ಟೆ ತೊಳೆದು ಆ ನೀರನ್ನೂ ಕುಡಿದಳು.

“ತಾಯಿ, ನಿಮ್ಮ ಹೋಳಿಗೆ ಚೆನ್ನಾಗಿತ್ತು, ಅದಕ್ಕೇ ಹೆದರಿದ್ದು,” ಎಂದರು ಕೊಟ್ರಬಸಪ್ಪನವರು. “ಈ ಹುಡುಗೀನ ನಮ್ಮನೆಗೆ ಕೊಡಿ. ನಮ್ಮಲ್ಲಿಗೆ ಊಟಕ್ಕೆ ಬಂದಾಗ ಮಾತ್ರ ಬೇಕಾದ್ದನ್ನ ನೀವೇ ಬಾಯಿಬಿಟ್ಟು ಕೇಳ್ಬೇಕು, ಅಲ್ಲಿ ಒತ್ತಾಯ ಮಾಡೋರು ಯಾರೂ ಇಲ್ಲ.”

ಮೊದಲು ನಕ್ಕವನು ವೀರೇಂದ್ರ. ಅತ್ತಿಗೆ ನಗಲಿಲ್ಲ. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಪಕ್ಕದ ಅತಿಥಿಯ ಮುಂದೆ ಬಾಗಿ, “ಹಾಕ್ಲಾ?” ಎಂದು ಕೇಳಿದರು. ನಮ್ಮ ಮನೆಯಲ್ಲಿ ಆ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಮೂವತ್ತು ವರ್ಷ ತರಗತಿಯಲ್ಲಿ ನೀತಿಪಾಠ ಹೇಳಿದವನು ನಾನು. ನನ್ನ ತಪ್ಪನ್ನು ತಿದ್ದಿದವಳು ನಮ್ಮ ಮನೆಯ ಮಗಳೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ.

ನಿಮ್ಮ ಮನೆಗೂ ನಾಳೆ ಅತಿಥಿಗಳು ಬರುತ್ತಾರೆ. ದಯವಿಟ್ಟು ಕೇಳಿ ಬಡಿಸಿ. ಬೇಡವೆಂದರೆ ಅವರ ಮಾತನ್ನು ನಂಬಿ.