ಪೆಡಲಮ್ಮನ ಬಲಗಾಲು

ಇಪ್ಪತ್ತೆಂಟು ವರ್ಷ ಗ್ಯಾರೇಜಿನಲ್ಲಿ ದುಡಿದರೂ ಪೆಡಲಮ್ಮನ ಕೈಗೆ ಮಸಿ ಹತ್ತಿದ್ದು ಕಡಿಮೆ. ಅವಳು ದುಡಿದದ್ದೆಲ್ಲ ಬಲಗಾಲಿನಲ್ಲಿ. ಗಂಡ ಬ್ರೇಕ್ ಮೇಸ್ತ್ರಿ. ಬ್ರೇಕಿನ ಪೈಪು ಬಿಚ್ಚಿ ಹಾಕಿದಾಗಲೆಲ್ಲ ಅದರ ಎಣ್ಣೆಯೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಓಡಿಸಬೇಕು. ಅದಕ್ಕೆ ಒಬ್ಬರು ಚಕ್ರದ ಪಕ್ಕ ಕೂತು ಗಾಳಿ ಬಿಡುವ ನಿಪ್ಪಲ್ ಸಡಿಲಿಸಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು. ಮದುವೆಯಾದ ಹೊಸತರಲ್ಲಿ ಕೆಲಸದವನೊಬ್ಬ ಕೈಕೊಟ್ಟ ದಿನ, ಊಟಕ್ಕೆ ಕರೆಯಲು ಬಂದ ಹೆಂಡತಿಯನ್ನೇ ಮೇಸ್ತ್ರಿ ಸೀಟಿನಲ್ಲಿ ಕೂರಿಸಿದ. ಅವಳು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಒತ್ತಿದಳು. ಅಂದಿನಿಂದ ಆ ಕೆಲಸ ಅವಳ ಪಾಲಿಗೇ ಬಂತು. ಪೆಡಲಮ್ಮ ಎಂಬ ಹೆಸರು ಗಿರಾಕಿಗಳು ಇಟ್ಟದ್ದು. ಅವಳಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನೇ ಬಿಟ್ಟಳು.

"ಒತ್ತು."

"ಒತ್ತಿದೆ."

"ಹಿಡಿ."

"ಹಿಡಿದೆ."

"ಬಿಡು."

"ಬಿಟ್ಟೆ."

ಗಂಡ ಹೆಂಡತಿ ಮುಖ ಊದಿಸಿಕೊಂಡು ಮಾತು ಬಿಟ್ಟ ದಿನಗಳಲ್ಲೂ ಈ ಆರು ಮಾತು ಮಾತ್ರ ತಪ್ಪದೆ ನಡೆಯುತ್ತಿದ್ದವು. ಎಷ್ಟೋ ಜಗಳ ಹಾಗೇ ಮುಗಿದದ್ದೂ ಉಂಟು.

ಗಾಳಿ ತೆಗೆದಾದ ಮೇಲೆ ಕೊನೆಯ ಪರೀಕ್ಷೆ ಒಂದಿತ್ತು. ಪೆಡಲನ್ನು ಬಲವಾಗಿ ಒತ್ತಿ ಹಿಡಿದುಕೊಂಡು ಹದಿನೇಳರ ಮಗ್ಗಿ ಹೇಳುವುದು. ಹತ್ತು ಸಾಲು ಮುಗಿಯುವ ತನಕ ಪೆಡಲ್ ಕದಲದಿದ್ದರೆ ಬ್ರೇಕ್ ಪಾಸು. ಹದಿನೇಳೇ ಯಾಕೆ ಎಂದು ಕೇಳಿದರೆ, ಶಾಲೆಯಲ್ಲಿ ಅದೊಂದೇ ಮಗ್ಗಿಗೆ ಏಟು ತಿಂದಿದ್ದೆ, ಅದಕ್ಕೇ ಮರೆತಿಲ್ಲ ಎನ್ನುತ್ತಿದ್ದಳು. ಮಗಳು ಪಕ್ಕದ ಸೀಟಿನಲ್ಲಿ ಕಾಲಾಡಿಸುತ್ತ ಕೂತು ಅದನ್ನೇ ಕೇಳಿ ಬೆಳೆದಳು. ಈಗ ಹೈಸ್ಕೂಲಿನಲ್ಲಿ ಗಣಿತದ ಟೀಚರು. ರಜೆ ಬಂತೆಂದರೆ ಮಾತ್ರ ಚಾಕ್‌ಪೀಸು ಬಿಸಾಕಿ ಹೆಲ್ಮೆಟ್ಟು ಹಾಕುತ್ತಾಳೆ. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿರುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ರೇಸಿಗೆ ಇಳಿದಿದ್ದಾಳೆ. ಆ ವಿಷಯ ಬಂದರೆ ಪೆಡಲಮ್ಮ ಮನೆಯಲ್ಲಿ ಗೊಣಗುತ್ತಾಳೆ, ಬೀದಿಯಲ್ಲಿ ಜಂಬ ಕೊಚ್ಚುತ್ತಾಳೆ.

ಆ ಕಾರಿನ ಬ್ರೇಕಿಗೆ ಶನಿವಾರ ಸ್ಟೀಲ್ ಪೈಪು ಹಾಕುವುದೆಂದು ನಿಶ್ಚಯವಾಗಿತ್ತು. ಕಂಪನಿಯವರು ಕೊಟ್ಟ ರಬ್ಬರ್ ಪೈಪು ವಯಸ್ಸಾದಂತೆ ಮೆತ್ತಗಾಗುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಅದೇ ಉಬ್ಬಿಕೊಂಡು, ಚಕ್ರಕ್ಕೆ ಹೋಗಬೇಕಾದ ಬಲವನ್ನು ಒಂದಿಷ್ಟು ನುಂಗಿಬಿಡುತ್ತದೆ. ಸ್ಟೀಲ್ ತಂತಿಯನ್ನು ಜಡೆಯಂತೆ ಹೆಣೆದು ಹೊದಿಸಿದ ಪೈಪು ಉಬ್ಬುವುದಿಲ್ಲ. ಭಾನುವಾರ ರೇಸು, ಅಷ್ಟರೊಳಗೆ ಕೆಲಸ ಮುಗಿಯಬೇಕು. ಮೇಸ್ತ್ರಿ ಬೆಳಿಗ್ಗೆಯೇ ಕಾರನ್ನು ಸ್ಟ್ಯಾಂಡಿನ ಮೇಲೇರಿಸಿ ನಾಲ್ಕೂ ಚಕ್ರ ಕಳಚಿದ. ಜೊತೆಗೆ ಹೊಸದಾಗಿ ತರಿಸಿದ ಮೆಶೀನೊಂದು ಬಂದು ಕೂತಿತ್ತು. ಅದು ನಿಪ್ಪಲಿಗೆ ಬಾಯಿಟ್ಟು ಗಾಳಿಯನ್ನು ತಾನೇ ಹೀರಿ ತೆಗೆಯುತ್ತದೆ, ಪೆಡಲ್ ಒತ್ತಲು ಯಾರೂ ಬೇಡ.

"ಇನ್ನು ನಿನ್ನ ಕಾಲಿಗೆ ಪಿಂಚಣಿ ಕಣೆ," ಎಂದು ಮೇಸ್ತ್ರಿ ನಕ್ಕಿದ್ದ. ಅವಳೂ ನಕ್ಕಳು. ಒಳಗೆ ಚುರುಕ್ ಎಂದದ್ದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಅವಳು ಚಹಾ ತೆಗೆದುಕೊಂಡು ಬಂದಾಗ ಕೆಲಸ ಮುಗಿದಿತ್ತು. ಚಕ್ರದ ಗೂಡುಗಳೊಳಗೆ ಹೊಸ ಪೈಪುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರೂ ಪೈಪು ಎಲ್ಲೂ ಉಜ್ಜದ ಹಾಗೆ, ಎಲ್ಲೂ ತಿರುಚದ ಹಾಗೆ ಮೇಸ್ತ್ರಿ ಕೂರಿಸಿದ್ದ. ಕೆಲಸದ ಅಂದದಲ್ಲಿ ಅವನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಲೇಬೇಕು. ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ ಬಿಳಿ ಬಣ್ಣದಲ್ಲಿ ಒಂದು ಗೀಟು ಎಳೆದಿದ್ದ. ಬೋಲ್ಟು ಒಂದು ಕೂದಲಷ್ಟು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ಗೀಟು ಎಳೆದವನು ಆ ಬೋಲ್ಟಿಗೆ ಹೊಣೆ. ಇದು ಆ ಗ್ಯಾರೇಜಿನ ಕಟ್ಟಳೆ.

ಮಗಳು ಸೀಟಿನಲ್ಲಿ ಕೂತು ಪೆಡಲ್ ತುಳಿದಳು. "ಅಪ್ಪಾ! ಕಲ್ಲು ತುಳಿದ ಹಾಗಿದೆ!"

ಮೇಸ್ತ್ರಿಯ ಎದೆ ಎರಡಂಗುಲ ಉಬ್ಬಿತು.

"ನಾನೂ ಒಂದ್ಸಲ ನೋಡ್ಲಾ?" ಎಂದಳು ಪೆಡಲಮ್ಮ.

"ನೋಡು, ಬೇಡ ಅಂದೋರ್ಯಾರು?"

ಮಗಳು ಇಳಿದ ಮೇಲೆ ಅವಳು ಚಪ್ಪಲಿ ಬಿಟ್ಟು ಒಳಗಿಳಿದಳು. ಪೆಡಲ್ ನಿಜವಾಗಿಯೂ ಕಲ್ಲಿನಂತಿತ್ತು. ಒತ್ತಿ ಹಿಡಿದು ಬಾಯೊಳಗೇ ಶುರುಮಾಡಿದಳು. ಹದಿನೇಳೊಂದ್ಲ ಹದಿನೇಳು. ಹದಿನೇಳೆರಡ್ಲ ಮೂವತ್ನಾಲ್ಕು. ಹದಿನೇಳಾರ್ಲ ನೂರಾ ಎರಡಕ್ಕೆ ಬರುವಷ್ಟರಲ್ಲಿ ಹೆಬ್ಬೆರಳ ಕೆಳಗೆ ಏನೋ ಜಾರಿತು. ಎಳ್ಳಿನಷ್ಟು. ಬಿಟ್ಟು ಮತ್ತೆ ಒತ್ತಿದಳು. ಮತ್ತೆ ಅಲ್ಲೇ, ನೂರಾ ಎರಡಕ್ಕೇ.

"ಇಳೀತಾ ಇದೆ ರೀ."

"ಏನು ಇಳಿಯೋದು?"

"ಪೆಡಲ್. ಗಟ್ಟಿಯಾಗೇ ಇದೆ, ಆದ್ರೆ ನಿಧಾನಕ್ಕೆ ಇಳೀತಾ ಇದೆ."

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸುತ್ತ ಹೇಳಿದ, "ಇಪ್ಪತ್ತೆಂಟು ವರ್ಷ ರಬ್ಬರ್ ಒತ್ತಿದ ಕಾಲು ಅದು. ಸ್ಟೀಲಿನ ರುಚಿ ಅದಕ್ಕೇನು ಗೊತ್ತು?"

"ಮೆಶೀನು ಗಾಳೀನೆಲ್ಲ ತೆಗ್ದಿದೆ ಅಮ್ಮ," ಎಂದು ಮಗಳೂ ದನಿಗೂಡಿಸಿದಳು. "ಎಲ್ಲೂ ಸೋರಿಕೆ ಇಲ್ಲ, ನಾನೇ ಟಾರ್ಚ್ ಹಾಕಿ ನೋಡ್ದೆ."

ಪೆಡಲಮ್ಮನಿಗೆ ಕಣ್ಣು ತುಂಬಿ ಬಂತು. ಎದ್ದು ಹೋಗಿಬಿಡೋಣ ಎನಿಸಿತು. ಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಆದರೆ ಹಿಂದಿನ ರೇಸಿನಲ್ಲಿ ಕಂಡದ್ದು ನೆನಪಾಯಿತು. ಉದ್ದನೆಯ ನೇರ ರಸ್ತೆ, ಅದರ ತುದಿಗೆ ಟಯರು ಪೇರಿಸಿದ ಗೋಡೆ. ಗೋಡೆ ಮೈಮೇಲೆ ಬಂತು ಎನ್ನುವಾಗ ಮಗಳು ಬ್ರೇಕ್ ಒತ್ತುತ್ತಾಳೆ. ಹಾಗೆ ಒಂದಲ್ಲ, ಇಪ್ಪತ್ತು ಸುತ್ತು. ಇವತ್ತು ಎಳ್ಳಿನಷ್ಟು ಇಳಿಯುವ ಪೆಡಲ್ ಇಪ್ಪತ್ತನೆಯ ಸುತ್ತಿನಲ್ಲಿ ಎಷ್ಟು ಇಳಿದೀತು? ತಪ್ಪು ತನ್ನ ಕಾಲಿನದಾದರೆ ಇಬ್ಬರೂ ಸೇರಿ ನಗುತ್ತಾರೆ, ನಗಲಿ. ತಪ್ಪು ಕಾರಿನದಾದರೆ ನಗಲು ಮಗಳೇ ಇರುವುದಿಲ್ಲ.

ಅವಳು ಕಾರಿನ ಬಾಗಿಲು ಎಳೆದುಕೊಂಡಳು.

"ನಾನು ಈ ಸೀಟಿಂದ ಏಳಲ್ಲ."

"ಏನೇ ಇದು, ಮುಷ್ಕರಾನಾ?"

"ಏನಾದ್ರೂ ಅನ್ಕೊಳ್ಳಿ. ಎಣ್ಣೆ ಎಲ್ಲಿ ಹೋಗ್ತಿದೆ ಅಂತ ತೋರಿಸೋ ತನಕ ಏಳಲ್ಲ."

ಹೆಂಡತಿಯ ಹಟ ಏನೆಂದು ಮೇಸ್ತ್ರಿಗೆ ಗೊತ್ತು. ನಿಟ್ಟುಸಿರು ಬಿಟ್ಟು, ಮಗಳ ಶಾಲೆಯ ಬಿಳಿ ಹಾಳೆಯೊಂದನ್ನು ನಾಲ್ಕು ಚೂರು ಮಾಡಿ, ಪೈಪು ಚಕ್ರವನ್ನು ಸೇರುವ ನಾಲ್ಕೂ ಕಡೆ ಬಿಗಿಯಾಗಿ ಸುತ್ತಿದ. "ಒತ್ತಮ್ಮಾ ತಾಯಿ," ಎಂದ. ಅವಳು ಒತ್ತಿದಳು. ಈ ಸಲ ಗಟ್ಟಿಯಾಗಿಯೇ ಮಗ್ಗಿ ಹೇಳಿದಳು, ಒಂದಲ್ಲ, ಮೂರು ಸಲ. ತೊಡೆ ನಡುಗತೊಡಗಿತು, ಕಾಲು ತೆಗೆಯಲಿಲ್ಲ.

ಹಿಂದಿನ ಎರಡು ಚಕ್ರದ ಹಾಳೆ ಒಣಗಿಯೇ ಇದ್ದವು. ಮುಂದಿನ ಎಡಗಡೆಯದೂ ಒಣ. ಮುಂದಿನ ಬಲಗಡೆಯ ಹಾಳೆ ಬಿಡಿಸಿದಾಗ ನಟ್ಟನಡುವೆ ಸಾಸಿವೆ ಕಾಳಿನಷ್ಟು ಎಣ್ಣೆಯ ಒದ್ದೆ ಚುಕ್ಕೆಯೊಂದಿತ್ತು.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನ ಮುಖ ಕಂದಿತು.

"ಅಲ್ಲಿ ಹಳೇ ವಾಶರ್ ಹಾಕಿದೀನಿ," ಎಂದ ಮೆಲ್ಲಗೆ.

ಒಂದೊಂದು ಚಕ್ರದ ಹತ್ತಿರ, ಎಣ್ಣೆ ಸೋರದಂತೆ, ಪೈಪಿನ ತುದಿಯ ಮೇಲೊಂದು ಕೆಳಗೊಂದು ತಾಮ್ರದ ವಾಶರ್ ಬೇಕು, ಒಟ್ಟು ಎಂಟು. ಪೈಪಿನ ಜೊತೆ ಎಂಟೂ ಬಂದಿದ್ದವು. ಬೆಳಿಗ್ಗೆ ಅದರಲ್ಲೊಂದು ಕೈಜಾರಿ ಬಿದ್ದು ಮಾಯವಾಗಿತ್ತು. ಆ ಅಳತೆಯದು ಗ್ಯಾರೇಜಿನಲ್ಲಿ ಬೇರೆ ಇರಲಿಲ್ಲ. ಹಳೆಯ ವಾಶರನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ, ಹೊಸದರಂತೆ ಕೂರುತ್ತದೆ. ಅದು ಹಳೆಯ ಮೇಸ್ತ್ರಿಗಳ ಕೈಚಳಕ, ಅದರ ಮೇಲೆ ಇವನಿಗೆ ಎಲ್ಲಿಲ್ಲದ ಅಭಿಮಾನ. ಕಾಯಿಸಿ ಹಾಕಿದ್ದ, ಯಾರಿಗೂ ಹೇಳಿರಲಿಲ್ಲ. ಆ ವಾಶರಿನ ಅಂಚಿನಲ್ಲಿ ಉಗುರಿಗೆ ತಾಗಿಯೂ ತಾಗದಂಥ ಗೀರೊಂದು ಇತ್ತು.

"ಬೆಳಿಗ್ಗೆ ಅಯಸ್ಕಾಂತದ ಕೋಲು ಹಿಡ್ಕೊಂಡು ನೆಲವೆಲ್ಲ ಸವರ್ತಿದ್ರಲ್ಲ, ಇದಕ್ಕೇನಾ?" ಮಗಳಿಗೆ ನಗು ತಡೆಯಲಾಗಲಿಲ್ಲ. "ತಾಮ್ರ ಅಯಸ್ಕಾಂತಕ್ಕೆ ಅಂಟುತ್ತಾ ಅಪ್ಪ?"

"ಗಾಬರೀಲಿ ಏನೂ ಹೊಳೀಲಿಲ್ಲ ಕಣಮ್ಮ."

ಪೆಡಲಮ್ಮ ನಗಲಿಲ್ಲ. ಅವಳು ಸೀಟಿನಿಂದ ಇಳಿದು ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವನು ಮೇಲೆ ಮಡಿಚಿಕೊಂಡಿದ್ದ ಪ್ಯಾಂಟಿನ ಅಂಚನ್ನು ಬಿಡಿಸಿದಳು. ವಾರವಾರ ಆ ಪ್ಯಾಂಟು ಒಗೆಯುವವಳು ಅವಳೇ. ಅದರ ಮಡಿಕೆಯಲ್ಲಿ ಇದುವರೆಗೆ ಸಿಕ್ಕ ನಟ್ಟು ಬೋಲ್ಟುಗಳಿಂದ ಒಂದು ಡಬ್ಬಿಯೇ ತುಂಬಿತ್ತು. ಎಡಗಾಲಿನಲ್ಲಿ ಏನೂ ಇರಲಿಲ್ಲ. ಬಲಗಾಲಿನ ಮಡಿಕೆ ಬಿಡಿಸಿದಾಗ ಹೊಚ್ಚ ಹೊಸ ತಾಮ್ರದ ವಾಶರ್ ಟಿಣ್ ಎಂದು ನೆಲಕ್ಕೆ ಬಿತ್ತು. ಆಗ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮೇಸ್ತ್ರಿ ಬೋಲ್ಟು ಬಿಚ್ಚಿ ವಾಶರ್ ಬದಲಿಸಿ ಮತ್ತೆ ಬಿಗಿ ಮಾಡಿದ. ಮಗಳು ಮೆಶೀನನ್ನು ಹತ್ತಿರಕ್ಕೆ ತಳ್ಳಿದಳು. ಅವನು ಅದನ್ನು ಕಾಲಿನಿಂದಲೇ ಆಚೆ ಸರಿಸಿ, ಚಕ್ರದ ಪಕ್ಕ ಕೂತು ನಿಪ್ಪಲಿಗೆ ಸ್ಪ್ಯಾನರ್ ಹಾಕಿದ.

"ಒತ್ತು," ಎಂದ.

ಪೆಡಲಮ್ಮ ಮತ್ತೆ ಸೀಟಿಗೆ ಹತ್ತಿ ಪೆಡಲಿನ ಮೇಲೆ ಕಾಲಿಟ್ಟಳು. "ಒತ್ತಿದೆ," ಎಂದಳು.

ಗಾಳಿಯೆಲ್ಲ ಹೋದ ಮೇಲೆ ಹದಿನೇಳ್ಹತ್ಲ ನೂರಾ ಎಪ್ಪತ್ತರ ತನಕ ಹಿಡಿದಳು. ಪೆಡಲ್ ಮಿಸುಕಲಿಲ್ಲ. ಮೇಸ್ತ್ರಿ ಬದಲಿಸಿದ ಬೋಲ್ಟಿನ ಮೇಲೆ ಬಿಳಿ ಗೀಟು ಎಳೆದು, ಏನೋ ಯೋಚಿಸಿ, ಬಣ್ಣದ ಬಾಟಲಿಯನ್ನು ಹೆಂಡತಿಯ ಕಡೆ ಚಾಚಿದ.

"ನಿಂದೂ ಒಂದು ಹಾಕು. ಹೊಣೆ ಇಬ್ಬರದೂ."

"ನಿಮ್ಮ ಬಣ್ಣ ನಂಗೆ ಬೇಡ," ಎಂದಳು ಅವಳು. ಇಪ್ಪತ್ತೆಂಟು ವರ್ಷಕ್ಕೆ ಸಿಕ್ಕ ಗೀಟು, ಗುರುತು ಸಿಗದಂತೆ ಹಾಕಲು ಅವಳೇನು ದಡ್ಡಿಯೇ? ಮಗಳ ಬ್ಯಾಗಿನಿಂದ ಕೆಂಪು ಉಗುರುಬಣ್ಣ ತೆಗೆದುಕೊಂಡು, ನಾಲ್ಕೂ ಕಡೆ ಬಿಳಿ ಗೀಟಿನ ಪಕ್ಕಕ್ಕೆ ಒಂದೊಂದು ಕೆಂಪು ಗೀಟು ಎಳೆದಳು. ಬ್ರಶ್ಶಿನಲ್ಲಿ ಉಳಿದದ್ದನ್ನು ಹಾಳುಮಾಡುವುದೇಕೆಂದು ತನ್ನ ಬಲಗಾಲಿನ ಹೆಬ್ಬೆರಳಿಗೆ ಬಳಿದುಕೊಂಡಳು.

ಮರುದಿನ ರೇಸಿಗೆ ಮುಂಚೆ ತಪಾಸಣೆ. ಕನ್ನಡಕದ ತಪಾಸಣೆಗಾರ ಟಾರ್ಚು ಹಿಡಿದು ಚಕ್ರದೊಳಗೆ ಬಗ್ಗಿ ನೋಡಿದ.

"ಸ್ಟೀಲ್ ಪೈಪು ಹೊಸದಾ? ಎರಡೆರಡು ಗೀಟು ಯಾಕಿದೆ?"

ಮೇಸ್ತ್ರಿ ಮುಂದೆ ಬಂದ. ಸುತ್ತ ಬೇರೆ ಗ್ಯಾರೇಜಿನವರು ನಾಲ್ಕಾರು ಮಂದಿ ನಿಂತಿದ್ದರು. ತಗ್ಗಿದ ದನಿಯಲ್ಲಿ ಹೇಳಬಹುದಿತ್ತು. ಅವನು ಎಲ್ಲರಿಗೂ ಕೇಳುವ ಹಾಗೇ ಹೇಳಿದ.

"ಬಿಳಿ ನಂದು, ಕೆಲಸ ಮಾಡಿದೋನು ನಾನು. ಕೆಂಪು ನನ್ನ ಹೆಂಡ್ತೀದು, ಪರೀಕ್ಷೆ ಮಾಡಿದೋಳು ಅವಳು. ಮೊದಲನೇ ಸಲ ನನ್ನ ಫೇಲ್ ಮಾಡಿದ್ಳು. ಎರಡನೇ ಸಲ ಪಾಸ್ ಮಾಡಿದ್ಳು."

ತಪಾಸಣೆಗಾರ ಫಾರಮ್ಮಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಪರೀಕ್ಷಿಸಿದವರು ಇಲ್ಲಿ ಸಹಿ ಹಾಕ್ಬೇಕು," ಎಂದು ಪೆನ್ನನ್ನು ಪೆಡಲಮ್ಮನ ಕೈಗೆ ಕೊಟ್ಟ. ಅವಳು ಅವಸರ ಮಾಡದೆ, ಒಂದಕ್ಷರವೂ ಬಿಡದೆ, ತನ್ನ ಪೂರ್ತಿ ಹೆಸರು ಬರೆದಳು.

ರೇಸು ಶುರುವಾದಾಗ ಅವಳು ಬೇಲಿಯ ಹತ್ತಿರ ನಿಂತಿದ್ದಳು. ಚಪ್ಪಲಿ ಯಾವಾಗ ಬಿಟ್ಟಳೋ ಅವಳಿಗೇ ತಿಳಿಯದು. ನೇರ ರಸ್ತೆಯಲ್ಲಿ ಮಗಳ ಕಾರು ಟಯರಿನ ಗೋಡೆಯತ್ತ ನುಗ್ಗಿ ಬಂತು. ಪಕ್ಕದ ಕಾರು ಹೆದರಿ ಬ್ರೇಕ್ ಒತ್ತಿತು. ಮಗಳು ಇನ್ನೂ ಒತ್ತಿರಲಿಲ್ಲ. ಪೆಡಲಮ್ಮನ ಬಲಗಾಲು, ಕೆಂಪು ಹೆಬ್ಬೆರಳ ಸಮೇತ, ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು. ಹದಿನೇಳೊಂದ್ಲ, ಎಂದಳು. ಹದಿನೇಳು ಎನ್ನುವಷ್ಟರಲ್ಲಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಕಾರು ವೇಗ ತಗ್ಗಿಸಿ, ತಿರುವು ತಿರುಗಿ, ಎಲ್ಲರಿಗಿಂತ ಮುಂದೆ ಹೋಗಿತ್ತು.

"ಬಿಡು," ಎಂದ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ, ಅವಳ ಕಾಲನ್ನೇ ನೋಡುತ್ತ.

"ಬಿಡಲ್ಲ," ಎಂದಳು ಪೆಡಲಮ್ಮ. "ಇನ್ನೂ ಹತ್ತೊಂಬತ್ತು ಸುತ್ತಿದೆ."